ಉಪ್ಪಾಗೆ ಕೊಯ್ಯುವವರು

"ಇದನ್ನ ಬರೆಯೋವಾಗ ನಿಮ್ಮ ತಲೆ ಎಲ್ಲಿತ್ತು?"

ವೈಜಯಂತಿ ವರದಿಯನ್ನು ರಿತೇಶನ ಕಾಫಿ ಲೋಟದ ಪಕ್ಕಕ್ಕೆ ಎಸೆದಳು. ದೆಹಲಿಯ ಪೀತಮ್‌ಪುರಾದ ಆ ಹೋಟೆಲು ಅವನಪ್ಪ ಜಯಾನಂದರದು. ಅವರು ಗಲ್ಲಾದಿಂದ ಒಮ್ಮೆ ಕತ್ತೆತ್ತಿ ನೋಡಿ, ಜಾಣರಂತೆ ಪೇಪರಿಗೆ ಮರಳಿದರು.

ಶಿರಸಿ ಕಡೆಯ ಕಾಡಿನಲ್ಲಿ ಎರಡು ಮಳೆಗಾಲ ಅಲೆದು, ಉಪ್ಪಾಗೆಯ ಹುಳಿಹಣ್ಣು ಕೂಡಿಸುವ ದೇವಕಿಯಮ್ಮನ ಮಾತನ್ನು ಅವಳು ಟೇಪ್ ಮಾಡಿಕೊಂಡು ಬಂದಿದ್ದಳು. ಮಾಗಿದ್ದನ್ನಷ್ಟೇ ತೆಗೆಯುತ್ತಾರೆ, ಕೊಂಬೆ ಮುರಿಯುವುದಿಲ್ಲ, ಹಕ್ಕಿಗೂ ಮಂಗಕ್ಕೂ ಪಾಲು ಬಿಡುತ್ತಾರೆ. ಆ ಮರಗಳು ಉಳಿದಿರುವುದೇ ಅವರಿಂದ. ದೆಹಲಿಯಲ್ಲೇ ಬೆಳೆದ ರಿತೇಶ ಅವಳ ಸಂಸ್ಥೆಯ ಅನುವಾದಕ. "ನಾವು ವರ್ಷಾ ಉಪ್ಪಾಗೆ ಕೊಯ್ತೇವೆ" ಎಂಬುದನ್ನು ಇಂಗ್ಲಿಷಿನಲ್ಲಿ 'ಪ್ರತಿ ವರ್ಷ ಉಪ್ಪಾಗೆ ಮರ ಕಡಿಯುತ್ತೇವೆ' ಎಂದು ಬರೆದಿಟ್ಟಿದ್ದ. ಅದನ್ನೋದಿದ ಅರಣ್ಯ ಸಮಿತಿ, ದೇವಕಿಯಮ್ಮನ ಊರಿನ ನಲವತ್ತು ಮನೆಯವರು ಕಾಡಿಗೆ ಕಾಲಿಡದಂತೆ ಮಾಡಲು ಹೊರಟಿತ್ತು. ಸಭೆ ಅವತ್ತೇ, ನಾಲ್ಕು ಗಂಟೆಗೆ.

"ಕೊಯ್ಯೋದು ಅಂದ್ರೆ ಕಾಟ್‌ನಾ, ಕತ್ತರಿಸೋದು ಅಲ್ವಾ? ಮಮ್ಮಿ ತರಕಾರಿ ಕೊಯ್ತಾರೆ."

"ಹೂ ಕೊಯ್ಯೋದು ಅಂದ್ರೆ? ಗಿಡಾನೇ ಕಡಿಯೋದಾ?"

"ನಾವು ಹೂ ಕೊಯ್ಯಲ್ಲ. ಹೂ ಮಾರೋ ಭಯ್ಯಾ ಹತ್ರ ತಗೋತೀವಿ."

ನಗು ಬರಬೇಕಾದ ಮಾತು. ಅವಳಿಗೆ ಮೈಯೆಲ್ಲ ಉರಿಯಿತು. ಗಣಿಗಾಗಿ ಗುಡ್ಡಕ್ಕೆ ಗುಡ್ಡವನ್ನೇ ಬೋಳಿಸಲು ಸಹಿ ಹಾಕುವ ಮಹಾನುಭಾವರಿಗೆ, ಬುಟ್ಟಿ ಹಿಡಿದ ಹೆಂಗಸು ಕಳ್ಳಿಯಾಗಿ ಕಾಣಲು ಒಂದು ಪದ ಸಾಕಾಯಿತೇ? ಸಂಸ್ಥೆಯ ಡೈರೆಕ್ಟರ್ ದಕ್ಷಿಣಾಮೂರ್ತಿಯವರಂತೂ ಬೆಳಿಗ್ಗೆ, "ಪ್ರಿಂಟ್ ಆಗಿದೆಯಮ್ಮ, ಈಗ ತಪ್ಪು ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು" ಎಂದು ಕೈತೊಳೆದುಕೊಂಡಿದ್ದರು.

"ನಾನು ಹೇಳಿದ್ರೆ ಹಳ್ಳಿಯವರ ಪರ ಅಂತಾರೆ. ಬರೆದವರು ನೀವು, ನೀವೇ ಬಂದು ಹೇಳಿ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

"ಗೊತ್ತು."

ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಅವನು ಬೇಕೆಂದೇ ಅದನ್ನೇ ನೋಡುತ್ತಾ ಕಾಫಿ ಮುಗಿಸಿ, "ಚಲೋ" ಎಂದು ಎದ್ದ. ಮೆಟ್ರೋದಲ್ಲಿ ಅವಳು ಮುಖ ತಿರುಗಿಸಿ ಕೂತಳು.

ಸಭೆಯಲ್ಲಿ ರಿತೇಶ ಎದ್ದು ನಿಂತು ಹಿಂದಿಯಲ್ಲಿ ಹೇಳಿದ: "ಅಲ್ಲಿ ಯಾರೂ ಮರ ಕಡಿದಿಲ್ಲ ಸರ್. ಕಡಿದವನು ನಾನು, ಇಂಗ್ಲಿಷಿನಲ್ಲಿ." ದಕ್ಷಿಣಾಮೂರ್ತಿಯವರು ಕನ್ನಡಕ ಒರೆಸತೊಡಗಿದರು. ಅಧ್ಯಕ್ಷರು ಗೊಣಗುತ್ತಲೇ ನಿಷೇಧದ ಪ್ರಸ್ತಾಪವನ್ನು ಕೈಬಿಟ್ಟರು. ದೇವಕಿಯಮ್ಮನ ಬುಟ್ಟಿ ಉಳಿಯಿತು. ರಿತೇಶನ ಕೆಲಸ ಮೆಟ್ಟಿಲಿಳಿಯುವಷ್ಟರಲ್ಲಿ ಹೋಯಿತು.

ಹೊರಗೆ ಬಂದರೂ ವೈಜಯಂತಿಯ ಸಿಟ್ಟು ಆರಿರಲಿಲ್ಲ. "ಟೇಪ್ ಪೂರ್ತಿ ಕೇಳಿದ್ರಾ, ಇಲ್ಲಾ ಅದೂ ಅರ್ಧಂಬರ್ಧನಾ?"

"ಪೂರ್ತಿ ಕೇಳ್ದೆ. ಕೊನೇಲಿ ದೇವಕಿಯಮ್ಮ, ಮದುವೆ ಯಾವಾಗ ಅಂತ ಕೇಳ್ತಾರೆ. ನೀವು, 'ದಿಲ್ಲೀಲಿ ಒಬ್ಬ ಪೆದ್ದ ಇದಾನೆ, ಅವನಿಗೆ ಅರ್ಥ ಆದ್ಮೇಲೆ' ಅಂತೀರಿ."

ಅವಳ ಕಿವಿ ಬಿಸಿಯಾಯಿತು. ಟೇಪ್ ಆಫ್ ಮಾಡುವುದನ್ನು ಮರೆತಿದ್ದಳು.

"ಅದನ್ಯಾಕೆ ಅನುವಾದ ಮಾಡ್ಲಿಲ್ಲ?"

"ಅದೊಂದು ತಪ್ಪಾಗಬಾರದು ಅನ್ನಿಸ್ತು. ಯಾರು ಅವನು, ನಿಮ್ಮನ್ನೇ ಕೇಳೋಣ ಅಂತ."

"ನಲವತ್ತು ಮನೆ ಹಾಳು ಮಾಡೋಕೆ ಹೊರಟಿದ್ದೆ ನೀನು," ಎಂದಳು ವೈಜಯಂತಿ, ಮೊದಲ ಸಲ ಏಕವಚನದಲ್ಲಿ. "ಇನ್ನೂ ಪೆದ್ದ ಯಾರು ಅಂತ ಕೇಳ್ತೀಯಾ?"