ಬ್ಯಾಂಕರನ ಹೊಸ ಮುಖ

ಬೆಳಿಗ್ಗೆ ಅರೋರಾ ಊರಿನ ಸಮುದಾಯ ಭವನದ ಬೀಗ ತೆಗೆದು, ಚಿತ್ರದ ಮೇಲಿನ ಬಟ್ಟೆ ಸರಿಸಿದ ಕೋಕಿಲಾ ಬೆಚ್ಚಿ ನಿಂತಳು. ಚಿತ್ರದಲ್ಲಿದ್ದ ಬ್ಯಾಂಕರನ ಮುಖವೇ ಬದಲಾಗಿತ್ತು.

ಅಮೆರಿಕದ ಬ್ಯಾಂಕುಗಳು ತತ್ತರಿಸಿದ 1907ರ ವ್ಯಂಗ್ಯಚಿತ್ರ ಅದು. ಮುಚ್ಚಿದ ಬಾಗಿಲ ಮುಂದೆ ಜನ ಅಳುತ್ತಿದ್ದಾರೆ. ಮಹಡಿಯ ಮೇಲೆ ಡೊಳ್ಳುಹೊಟ್ಟೆಯ ಬ್ಯಾಂಕರ್ ಅವರ ಮನೆಗಳನ್ನು ತಟ್ಟೆಗೆ ಹಾಕಿಕೊಂಡು ತಿನ್ನುತ್ತಿದ್ದಾನೆ. ಈಗ ಆ ಡೊಳ್ಳು ಮೈಗೆ ಶ್ರೀಕಂಠನ ಮುಖ! ಯಾರೋ ಬೇರೆ ಕಾಗದದ ಮೇಲೆ ಶಾಯಿಯಲ್ಲಿ ಬರೆದು, ಕತ್ತರಿಸಿ, ಅಂಟಿಸಿದ್ದರು.

ಬೆಲೆಬಾಳುವ ಆ ಮೂಲಚಿತ್ರದ ಒಡೆಯ ಶ್ರೀಕಂಠನೇ. 2008ರಲ್ಲಿ ಮುಳುಗಿದ ಅವನ ಹೂಡಿಕೆ ಫಂಡಿನಲ್ಲಿ ಕೋಕಿಲಾಳ ಅಪ್ಪ ನಂಜುಂಡಪ್ಪನವರ ಮನೆಯೂ ಮುಳುಗಿತ್ತು. ಹೋದ ವರ್ಷ ಕನ್ನಡ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತು ಅದನ್ನು ಹೇಳಿದ ಮೇಲೆ ಅವನ ಅಧ್ಯಕ್ಷ ಪದವಿ ಹೋಯಿತು. ಭವನದಲ್ಲಿ ಇವತ್ತು ಶುರುವಾಗುವ ಸಂಘದ ಪ್ರದರ್ಶನಕ್ಕೆ ಚಿತ್ರ ಕೊಡಲು ಅವನೇ ಬಂದಿದ್ದ. ಹಳೆಯದನ್ನೆಲ್ಲ ಮರೆಯೋಣ ಅಂದಿದ್ದ.

ಈಗ ಒಳಗೆ ಬಂದು ಅವನು ಗುಡುಗುತ್ತಿದ್ದ. "ಕೀ ಇವಳ ಹತ್ರ. ಸೇಡು ಇವಳದು. ಪೊಲೀಸರನ್ನ ಕರೀರಿ."

ಅವನ ಹಿಂದೆಯೇ ರಾಜಲಕ್ಷ್ಮಿಯೂ ಬಂದಿದ್ದರು. ಇಪ್ಪತ್ತೈದು ವರ್ಷ ವಿಮಾ ಕಂಪನಿಗೆ ಮೋಸ ಪತ್ತೆ ಮಾಡಿಕೊಟ್ಟ ಮೈಸೂರಿನ ಹೆಂಗಸು, ಪ್ರದರ್ಶನದ ಸಮಿತಿಯಲ್ಲಿದ್ದರು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಕೋಕಿಲಾ, ನೀನು ಮಾಡಿದ್ಯಾ?"

"ಇಲ್ಲ ಆಂಟಿ. ಮಾಡ್ಬೇಕು ಅನ್ನಿಸಿತ್ತು."

"ಮುಖ ಹೋಲುತ್ತಾ?"

ಕೋಕಿಲಾ ದಿಟ್ಟಿಸಿದಳು. "ಹೋಲುತ್ತೆ. ಆದ್ರೂ ಏನೋ ಸರಿಯಿಲ್ಲ."

"ಏನು ಸರಿಯಿಲ್ಲ?" ಶ್ರೀಕಂಠ ಸಿಡುಕಿದ. "ದಿನಾ ಶೇವ್ ಮಾಡುವಾಗ ನೋಡೋ ಮುಖಾನೇ ಇದು."

ರಾಜಲಕ್ಷ್ಮಿ ತಿರುಗಿದರು. "ನಿನ್ನೆ ಸಂಜೆ ಇಲ್ಲಿ ಯಾರಿದ್ರು?"

"ನಾವಿಬ್ಬರೇ," ಎಂದಳು ಕೋಕಿಲಾ. "ಇವ್ರು ಚಿತ್ರ ನೇತುಹಾಕಿದ್ರು. ನಾನು ಕಾರಿಂದ ಲೈಟ್ಸ್ ತರೋಕೆ ಹೋದೆ. ಹತ್ತು ನಿಮಿಷ ಆಯ್ತು. ವಾಪಸ್ ಬಂದಾಗ ಬಟ್ಟೆ ಮುಚ್ಚಿತ್ತು. ತೆಗೆದು ನೋಡ್ಲಿಲ್ಲ."

"ಶ್ರೀಕಂಠ ಅವರೇ, ಸ್ವಲ್ಪ ಬೆಳಕಿಗೆ ಬನ್ನಿ. ನಿಮ್ಮ ಮಚ್ಚೆ ಬಲಗೆನ್ನೆ ಮೇಲಿದೆ. ಚಿತ್ರದವನಿಗೆ—?"

"ಎಡಗೆನ್ನೆ," ಕೋಕಿಲಾ ಪಿಸುಗುಟ್ಟಿದಳು.

"ಬೈತಲೆ?"

"ಅದೂ ಉಲ್ಟಾ."

"ಒಂದೇ ತಪ್ಪಿದ್ರೆ ಕೈ ತಪ್ಪಿತು ಅನ್ನಬಹುದಿತ್ತು. ಇಲ್ಲಿ ಎರಡೂ ಅದಲುಬದಲು. ಫೋಟೋ ನೋಡಿ ಬರೆದಿದ್ರೂ, ಎದುರಿಗೆ ಕೂರಿಸಿ ಬರೆದಿದ್ರೂ ಹೀಗಾಗಲ್ಲ. ಇದು ಕನ್ನಡಿ ಮುಂದೆ ಕೂತು ಬರೆದ ಮುಖ. ನಮಗೆಲ್ಲ ವಿಚಿತ್ರವಾಗಿ ಕಂಡಿದ್ದು ನಿಮಗೊಬ್ಬರಿಗೇ ಸರಿಯಾಗಿ ಕಾಣ್ತು. ಮನೆಯಲ್ಲಿ ಬರೆದುಕೊಂಡು ಬಂದ್ರಿ. ಆ ಹತ್ತು ನಿಮಿಷದಲ್ಲಿ ಅಂಟಿಸಿದ್ರಿ."

ಶ್ರೀಕಂಠನ ಕೈ ಕೆನ್ನೆಯತ್ತ ಹೋಗಿ, ಅರ್ಧದಲ್ಲೇ ಇಳಿಯಿತು.

"ನೂರು ಜನರೆದುರು ನನ್ನ ಮಾನ ತೆಗೆದ್ಲು," ಎಂದ. "ಇವಳೂ ಒಂದು ಸಲ ಜೈಲು ನೋಡ್ಲಿ ಅಂತ..." ಆಮೇಲೆ ದನಿ ತಗ್ಗಿಸಿದ. "ಹೊರಗೆ ಜನ ಬಂದಿದ್ದಾರೆ. ಇದು ನಮ್ಮ ಮೂವರಲ್ಲೇ ಇರ್ಲಿ. ಬೇಡಿಕೊಳ್ತೀನಮ್ಮ."

ರಾಜಲಕ್ಷ್ಮಿ ಕೋಕಿಲಾಳತ್ತ ನೋಡಿದರು. ಎಪ್ಪತ್ತರ ವಯಸ್ಸಿನಲ್ಲಿ ಜಾರ್ಜ್‌ಟೌನಿನ ಗೋದಾಮೊಂದರಲ್ಲಿ ಸೆಕ್ಯುರಿಟಿ ಶಿಫ್ಟು ಮಾಡುತ್ತಲೇ ಅವಳ ಅಪ್ಪ ಕುಸಿದು ಬಿದ್ದಿದ್ದರು. ಅವರೂ ಇವನನ್ನು ಬೇಡಿಕೊಂಡಿದ್ದರು, ಎರಡು ಸಲ.

ಕೋಕಿಲಾ ನಡೆದುಹೋಗಿ ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆದಳು.

"ಎಲ್ರೂ ಒಳಗೆ ಬನ್ನಿ," ಎಂದಳು. "ಶ್ರೀಕಂಠ ಅವರು ತಾವೇ ಬರೆದ ಚಿತ್ರ ತೋರಿಸ್ತಾರೆ."