ಹೆಚ್ಚಿದ ಬಳೆಗಳು

"ನಿನ್ನ ಗಂಡ ಆಗಾಂವ ಭಾಳ ಬಳಿ ಒಯ್ಯಾಕತ್ತಾನ ಬೇಟಾ. ನಿನಗ ಕೊಟ್ಟಾನೇನು?"

ಸಿಂಧನೂರಿನ ಸಂತೆಯಲ್ಲಿ ಬಳೆ ಮಾರುವ ಲಾಲ್‌ಬೀ ನನ್ನ ಕೈ ಹಿಸುಕಿ ಬಳೆ ಏರಿಸುತ್ತ ಹೀಗೆ ಕೇಳಿದಾಗ ಕೈ ಹಿಂದಕ್ಕೆಳೆದುಕೊಂಡೆ. ಬಳೆ ಹಾಗಿರಲಿ, ಆ ಮಹಾನುಭಾವರು ನನಗೊಂದು ಪಿನ್ನೂ ಕೊಟ್ಟಿರಲಿಲ್ಲ.

ವೆಂಕೋಬ ಲಿಂಗಸುಗೂರಿನವರು, ಗೊರೇಬಾಳದ ಹತ್ತಿರ ಕಾಲುವೆ ಕ್ಯಾಂಪಿನಲ್ಲಿ ಇಂಜಿನಿಯರ್. ಹೋದ ತಿಂಗಳು ನನ್ನನ್ನು ನೋಡಲು ಬಂದಿದ್ದರು. ಹಿರಿಯರು ಮಾತಾಡುವಷ್ಟು ಹೊತ್ತೂ ತಟ್ಟೆಯಲ್ಲಿದ್ದ ಅವಲಕ್ಕಿಯ ಗುಡ್ಡೆಯನ್ನು ಚಮಚದಿಂದ ಕೆದಕಿ, ಅದು ಜಾರುವುದನ್ನೇ ನೋಡುತ್ತ ಕೂತಿದ್ದರು. ನಡುವೆ ಒಮ್ಮೆ ತಲೆಯೆತ್ತಿ ನನ್ನತ್ತ ನೋಡಿದರು. ಸಿಕ್ಕಿಬಿದ್ದೆನೆಂದು ಗೊತ್ತಾಗಿ ಗಾಬರಿಯಿಂದ ಅವಲಕ್ಕಿಗೆ ಮರಳಿದರು. ಸುಳ್ಳು ಯಾಕೆ ಹೇಳಲಿ, ಆ ಗಾಬರಿಗೇ ನಾನು ಸೋತುಹೋಗಿದ್ದೆ.

ಈಗ ನೋಡಿದರೆ ಬಳೆ!

"ಯಾವ ಅಳತಿ ಒಯ್ತಾರ?" ಎಂದೆ.

"ಎಲ್ಲಾ ಅಳತಿ. ಕೂಸಿನ ಕೈಗೆ ಆಗೂವೂ ಒಯ್ತಾನ. ಇವತ್ತು ಬಂದು, ಅಮ್ಮಾ, ಹೋದ ಸಂತ್ಯಾಗ ಒಯ್ದಿದ್ದು ಹೆಚ್ಚ್ಯಾವ, ಬ್ಯಾರೆ ಕೊಡ್ರಿ ಅಂದ."

ಕಥೆ ಮುಗಿಯಿತು ಅಂದುಕೊಂಡೆ. ನಮ್ಮ ಕಡೆ ಬಳೆ ಒಡೆಯಿತು ಎನ್ನುವುದು ಅಪಶಕುನ; ಹೆಚ್ಚಿತು ಎನ್ನುತ್ತೇವೆ. ಕಿಟಕಿಯ ಗಾಜು ಒಡೆಯುತ್ತದೆ. ಹೆಣ್ಣಿನ ಕೈಯ ಬಳೆ ಹೆಚ್ಚುತ್ತದೆ. ಹಾಗಾದರೆ ಆ ಕೈ ಯಾರದು? ಆ ಕೂಸು ಯಾರದು?

ಮಾರನೆಯ ದಿನ ನಮ್ಮಪ್ಪ ಆದೆಪ್ಪ ಎಲೆ ಅಡಿಕೆ ಹಿಡಿದು ಮದುವೆ ಗೊತ್ತುಮಾಡಲು ಲಿಂಗಸುಗೂರಿಗೆ ಹೊರಡುವವನಿದ್ದ. ಅಪ್ಪ ಒಮ್ಮೆ ಮಾತು ಕೊಟ್ಟನೆಂದರೆ ಬ್ರಹ್ಮ ಬಂದರೂ ಬದಲಿಸುವವನಲ್ಲ. ತಿಳಿಯುವುದಿದ್ದರೆ ಇವತ್ತೇ ತಿಳಿಯಬೇಕಿತ್ತು.

"ನಡೀ ಗೊರೇಬಾಳಕ್ಕ," ಎಂದು ಲಾಲ್‌ಬೀಯ ರಟ್ಟೆ ಹಿಡಿದೆ.

"ಅಯ್ಯ, ನನ್ನ ಬುಟ್ಟಿ ಯಾರು ನೋಡಬೇಕ?"

"ಬುಟ್ಟೀನೂ ತಗೊಂಡು ನಡೀ!"

ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ನಡೆದೆವು. ಎರಡೂ ಕಡೆ ಹಸಿರು ಭತ್ತ. ಕ್ಯಾಂಪಿನ ಕೊನೆಯ ತಗಡಿನ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಿಣಿಕಿಣಿ ಬಳೆಯ ಸದ್ದು. ಅದರ ಹಿಂದೆಯೇ ವೆಂಕೋಬರ ದನಿ, ಬೆಣ್ಣೆಯಷ್ಟು ಮೃದು.

"ಹಸರಾಕಿ, ನೀ ಯಾಕ ಸರದಿ? ಕೆಂಪಾಕಿ ಒತ್ತಿದಳೇನು?"

ಲಾಲ್‌ಬೀ ಬಾಯಿಗೆ ಸೆರಗು ಒತ್ತಿಕೊಂಡಳು. "ಯಾ ಅಲ್ಲಾ! ಇಬ್ಬರು!"

ಬಾಗಿಲು ದೂಡಿ ಒಳನುಗ್ಗಿದೆ. ಅವರು ಒಬ್ಬರೇ ಇದ್ದರು, ನೆಲದ ಮೇಲೆ ಮಂಡಿಯೂರಿ. ನನ್ನನ್ನು ಕಂಡು ದಡಬಡಿಸಿ ಎದ್ದರು.

"ನೀವು! ಇಲ್ಲಿ?"

"ಯಾಕ್ರಿ, ಬರಬಾರದಿತ್ತೇನು? ಎಲ್ಲಿ ಅದಾರ ಅವರು?"

"ಯಾರು?"

"ಹಸರಾಕಿ, ಕೆಂಪಾಕಿ!"

ಅವರ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. ಗೋಡೆಯತ್ತ ಕೈ ತೋರಿಸಿದರು. ಅಲ್ಲೊಂದು ತೆಳುವಾದ ಕಟ್ಟಿಗೆಯ ಪೆಟ್ಟಿಗೆ ನಿಂತಿತ್ತು, ಮುಂಬದಿಗೆ ಗಾಜು. ಒಳಗೆ ಒಂದರ ಮೇಲೊಂದು ಒರಗಿಸಿ ಪೇರಿಸಿದ ಬಳೆಗಳು: ಹಸಿರು, ಕೆಂಪು, ನೀಲಿ, ದೊಡ್ಡವು, ಚಿಕ್ಕವು.

"ಕಾಲುವಿ ಒಡ್ಡು ಪದೇ ಪದೇ ಜಾರಾಕತ್ತೈತ್ರಿ," ಎಂದರು. "ಮಣ್ಣಿನ ಒಳಗ ಏನಾಗತೈತಿ ಅಂತ ಕಣ್ಣಿಗೆ ಕಾಣಂಗಿಲ್ಲ. ಮಣ್ಣಿನ ಒಂದು ಕಾಳು ಬಾಜೂಕಿನ ಕಾಳಿನ್ನ ಒತ್ತತೈತಿ, ಅದು ಮುಂದಿಂದನ್ನ ಒತ್ತತೈತಿ. ಒಂದೊಂದರ ಲೆಕ್ಕಾನೂ ಬ್ಯಾರೆ ಹಾಕಬೇಕು. ಹೈದರಾಬಾದಿನಾಗ ಒಂದು ಖೋಲಿಯಷ್ಟು ದೊಡ್ಡ ಕಂಪ್ಯೂಟರ್ ಐತಿ. ನನ್ನ ಗೆಳೆಯಾ ಅದಕ್ಕ ಈ ಲೆಕ್ಕ ಹಚ್ಚ್ಯಾನ. ಯಾವ ಕಾಳು ಯಾವ ಕಡೆ ಸರೀತೈತಿ ಅಂತ ಅದು ಹೇಳತೈತಿ. ಅದು ಖರೇ ಹೇಳತೈತೋ ಇಲ್ಲೋ ಅಂತ ನಾ ಕಾಳಿನ ಬದಲಿ ಬಳಿ ಇಟ್ಟು ನೋಡಾಕತ್ತೀನಿ."

"ಮಿಷನ್ನಿನ ಮ್ಯಾಲೂ ಅನುಮಾನ?"

"ಕಣ್ಣಾರೆ ನೋಡೂತನಾ ನಾ ಯಾರನ್ನೂ ನಂಬಂಗಿಲ್ರಿ."

ಅಬ್ಬಾ, ನನ್ನಂಥವರೇ! ಆದರೂ ಬಿಡಲಿಲ್ಲ. "ಕೂಸಿನ ಬಳಿ ಯಾಕ?"

"ಮಣ್ಣಿನಾಗ ಎಲ್ಲಾ ಕಾಳು ಒಂದ ಅಳತಿ ಇರತಾವೇನ್ರಿ?"

"ಮತ್ತ ಲಾಲ್‌ಬೀ ಮುಂದ ಹೆಚ್ಚ್ಯಾವ ಅಂದ್ರೆಲ್ಲ? ಒಡದಾವ ಅನ್ನಬೇಕಿತ್ತು. ಪೆಟ್ಟಿಗ್ಯಾಗಿನ ಗಾಜಿಗೆ ಯಾವ ಅಪಶಕುನ?"

ಅವರು ಹೌಹಾರಿದರು. "ಶ್! ಬಳಿಗೆ ಹಂಗ ಅನ್ನಬಾರದ್ರಿ! ನಮ್ಮವ್ವ ಕೇಳಿದ್ರ ಬಾಯಿ ಮ್ಯಾಲೆ ಹೊಡೀತಾಳ."

ಲಾಲ್‌ಬೀ ಬುಟ್ಟಿ ಇಳಿಸಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ತುಟಿ ಕಚ್ಚಿಕೊಂಡೆ. ಇಷ್ಟು ದೊಡ್ಡ ರಾದ್ಧಾಂತ ಅವರವ್ವ ಕಲಿಸಿದ ಒಂದು ಒಳ್ಳೆಯ ಮಾತಿನಿಂದ!

"ಬಳಿ ಹೆಂಗ ಜಾರತಾವ, ತೋರಸ್ರಿ," ಎಂದೆ.

ಪೆಟ್ಟಿಗೆಯ ಒಂದು ಬದಿಯಲ್ಲಿ ಬಳೆಗಳನ್ನು ತಡೆದು ನಿಲ್ಲಿಸಿದ, ಎಳೆದರೆ ಸರಿಯುವ ಹಲಗೆಯೊಂದಿತ್ತು. "ನೀವ ಎಳೀರಿ. ಮೆಲ್ಲಕ," ಎಂದರು. ನಾನು ಹಲಗೆಯ ಅಂಚು ಹಿಡಿದೆ. ಹಲಗೆ ಅಲುಗದಂತೆ ಅವರ ಬೆರಳೂ ಬಂತು, ನನ್ನದಕ್ಕೆ ತಗುಲಿತು, ಅಲ್ಲೇ ಉಳಿಯಿತು. ಬಳೆಗಳು ಸರ್ರನೆ ಜಾರಿ, ಒಂದನ್ನೊಂದು ತಡೆದು ಇಳಿಜಾರಾಗಿ ನಿಂತವು. ಇಷ್ಟೆಲ್ಲ ಲೆಕ್ಕ ಮಾಡುವ ಮನುಷ್ಯ ಅವುಗಳತ್ತ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ನಾಳೆ ನಿಮ್ಮಪ್ಪಾರು ನಮ್ಮೂರಿಗೆ ಹೊಂಟಾರಂತ," ಎಂದರು ಸಣ್ಣ ದನಿಯಲ್ಲಿ. "ಏನು ಹೇಳಿ ಕಳಸ್ತೀರಿ?"

"ನನ್ನ ಅನುಮಾನ ಇನ್ನೂ ಹೋಗಿಲ್ಲ ಅಂತ."

ಅವರ ಮುಖ ಸಣ್ಣದಾಯಿತು. ಬೆರಳು ಹಿಂದೆ ತೆಗೆದುಕೊಂಡರು. "ಹಂಗಾದ್ರ... ನಾ ಬ್ಯಾಡ ಅಂತೀರೇನು?"

"ಯಾರಂದ್ರು? ಇಂಥಾ ಮನಶ್ಯಾನ್ನ ದಿನಾ ಕಣ್ಣ ಮುಂದ ಇಟ್ಕೊಂಡ ನೋಡಬೇಕು. ಲಗೂನ ತಾರೀಖು ಗೊತ್ತು ಮಾಡಪಾ ಅಂತೀನಿ."