ಬುಧಿರಾಮನ ನೂರ ಅರವತ್ತು

"ನನಗೆ ಟೈಫಾಯಿಡಾ? ಬೆಳಿಗ್ಗೆ ಎರಡು ತಟ್ಟೆ ಅನ್ನ ಹೊಡೆದು ಬಂದಿದೀನಿ ಮಿಸ್!"

ಲ್ಯಾಬಿನ ಬಾಗಿಲಲ್ಲಿ ಗಾಬರಿಯಾಗಿ ನಿಂತ ಮಾವುತ ಬುಧಿರಾಮನನ್ನು ನೋಡಿ ಜುನಾಗೆ ನಗು ತಡೆಯಲಾಗಲಿಲ್ಲ. ಚಿತವನದ ಕಾಡಂಚಿನ ಆ ಸಣ್ಣ ಆಸ್ಪತ್ರೆಯಲ್ಲಿ ಅವಳು ಜ್ವರವಿಲ್ಲದವರ ರಕ್ತವನ್ನೂ ಪರೀಕ್ಷಿಸುತ್ತಿದ್ದಳು. ಗಟ್ಟಿಮುಟ್ಟಾದವರ ವಿಡಾಲ್ ಪರೀಕ್ಷೆಯ ಅಂಕಿ ಎಷ್ಟೆಂದು ತಿಳಿಯದೆ ಜ್ವರದವರದನ್ನು ಅಳೆಯುವುದು ಹೇಗೆ? ಬುಧಿರಾಮನದು ನೂರ ಅರವತ್ತು ಬಂದಿತ್ತು, ಟೈಫಾಯಿಡ್ ಎನ್ನುವಷ್ಟು.

"ಕಾಯಿಲೆ ಇಲ್ಲ ರೀ. ಯಾವತ್ತೋ ಕುಡಿದ ಕೆಟ್ಟ ನೀರು ನಿಮ್ಮ ರಕ್ತಕ್ಕಿನ್ನೂ ನೆನಪಿದೆ. ನಿಮಗೆ ಇದೇ ಮಾಮೂಲು."

"ಹಂಗಾದ್ರೆ ನಿಮ್ಮ ಸೂಜಿನೂ ಮರೆಯಲ್ಲ ಬಿಡಿ" ಎಂದವನು ಓರೆಗಣ್ಣಲ್ಲಿ ನೋಡಿದ. ಆಮೇಲೆ ಅವನಿಗೆ ಆಸ್ಪತ್ರೆಗೆ ಬರಲು ದಿನಕ್ಕೊಂದು ನೆಪ.

ಮರುವರ್ಷ ತಿಹಾರ್ ಹಬ್ಬಕ್ಕೆ ಜುನಾ ಕೀರ್ತಿಪುರದ ಅಪ್ಪನ ಮನೆಗೆ ಹೋದಳು. ನೆವಾರ ಜಾತಿಯ ಮಗಳು ಥಾರೂ ಬುಡಕಟ್ಟಿನ ಮಾವುತನನ್ನು ಮದುವೆಯಾಗುತ್ತಾಳೆಂದು ಹೇಳಿದ್ದೇ ತಡ, ಅಪ್ಪ ಮಾತು ಬಿಟ್ಟರು.

ಮೂರನೇ ದಿನ ಬುಧಿರಾಮನ ಫೋನು. "ಜ್ವರ ಬಿಡ್ತಿಲ್ಲ ಕಣೇ. ಪೇಟೆ ಲ್ಯಾಬಲ್ಲಿ ವಿಡಾಲ್ ನೂರ ಅರವತ್ತು ಬಂತು. ಟೈಫಾಯಿಡ್ ಅಂತ ಮಾತ್ರೆ ಕೊಟ್ಟವ್ರೆ. ಬರ್ತೀಯಾ?"

ಅಷ್ಟರಲ್ಲಿ ಒಳಗಿನಿಂದ ಅಪ್ಪ ಅವಳ ಹೆಸರು ಹಿಡಿದು ಕರೆದರು. ಮೂರು ದಿನದಲ್ಲಿ ಮೊದಲ ಸಲ.

"ಮಾತ್ರೆ ತಗೊಂಡು ಮಲ್ಕೋ. ಅಪ್ಪನ್ನ ಒಪ್ಪಿಸಿಯೇ ಬರ್ತೀನಿ" ಎಂದು ಫೋನಿಟ್ಟಳು. ಸಾವಿರ ಜನರ ಚೀಟಿ ಓದಿದವಳು ತನ್ನವನದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಪ್ಪ ಒಪ್ಪಲು ಇನ್ನೂ ನಾಲ್ಕು ದಿನ ಹಿಡಿಯಿತು. ವಾಪಸು ಬರುವ ಬಸ್ಸಿನಲ್ಲಿ ತನ್ನಷ್ಟಕ್ಕೆ ನಗುತ್ತಿದ್ದ ಜುನಾಗೆ ಮುಗ್ಲಿಂಗ್ ದಾಟುವಾಗ ತಟ್ಟನೆ ಆ ಅಂಕಿ ಹೊಳೆಯಿತು. ನೂರ ಅರವತ್ತು ಅವನಿಗೆ ಮಾಮೂಲಲ್ಲವೇ? ಹಾಗಾದರೆ ಈ ಜ್ವರ ಯಾವುದು?

ಬುಧಿರಾಮನನ್ನು ಅವನ ತಾಯಿ ಸೇರಿಸಿದ್ದ ಭರತಪುರದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕಂಕುಳಲ್ಲಿದ್ದ ಕಪ್ಪು ಹಕ್ಕಳೆ ತೋರಿಸಿದರು. ಆನೆಗೆ ಹುಲ್ಲು ಕೊಯ್ಯುವಾಗ ಹುಳ ಕಚ್ಚಿ ಬರುವ ಜ್ವರ. ಸರಿಯಾದ ಔಷಧಿ ಅವತ್ತಷ್ಟೇ ಶುರುವಾಗಿತ್ತು.

"ನಿನ್ನ ನಂಬರ್ ನನಗೆ ಗೊತ್ತಿತ್ತು ಬುಧಿ. ಗೊತ್ತಿದ್ದೂ ಮಾತ್ರೆ ತಗೋ ಅಂದೆ."

"ಅಪ್ಪ ಏನಂದ್ರು? ಮೊದ್ಲು ಅದು ಹೇಳು."

"ಒಪ್ಪಿದ್ರು."

"ಜೋರಾಗಿ ಹೇಳೇ. ಅಮ್ಮನೂ ಕೇಳ್ಲಿ."

ಅವಳು ಕೂಗಿಯೇ ಹೇಳಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವನು ನಕ್ಕ, ನಗಲು ಉಸಿರು ಸಾಲಲಿಲ್ಲ.

ಮರುದಿನ ಮಧ್ಯಾಹ್ನ ಬುಧಿರಾಮ ಹೋಗಿಬಿಟ್ಟ. ಜುನಾ ಅವನ ತಾಯಿಯ ಕಾಲ ಬಳಿ ಕುಸಿದಳು. ದುಃಖಕ್ಕಿಂತ ನಾಚಿಕೆ ಅವಳನ್ನು ಹೆಚ್ಚು ಸುಡುತ್ತಿತ್ತು.

"ನಿನ್ನೆ ನೀನು ಹೇಳಿದ್ದೆಲ್ಲ ಕೇಳಿಸ್ಕೊಂಡೆ" ಎಂದಳು ಮುದುಕಿ. "ನಂಬರಿನ ಮಾತೂ ಕೇಳಿಸ್ತು. ನಿನ್ನ ಕ್ಷಮಿಸೋಕೆ ನನ್ನ ಕೈಲಿ ಇವತ್ತಾಗಲ್ಲ ಮಗಳೇ."

ಆಮೇಲೆ ಅವಳೇ ಕೈ ಚಾಚಿದಳು.

"ಆದ್ರೂ ಏಳು. ಅವನ ಬಾಯಿಗೆ ನೀರು ಬಿಡೋಕೆ ಹೆಂಡ್ತಿ ಬೇಕು."